ಎಡಕ್ಕೆ ತಿರುಗಿದಾಗ ಮಾತ್ರ

ಎಂಥ ಸದ್ದು ಎಂದು ಎಲ್ಲರೂ ಕೇಳುತ್ತಾರೆ.
ನಾನು ಬಾಯಲ್ಲೇ ಮಾಡಿ ತೋರಿಸುತ್ತೇನೆ:
ಟಣ್. ಅಲ್ಲ, ಅದಕ್ಕೂ ಮೊದಲು ಒಂದು ಕಿರ್ರ್,
ಹಲ್ಲು ಕಚ್ಚಿ ತಡೆದುಕೊಂಡ ಮಾತು
ತಡೆಯಲಾರದೆ ಹೊರಬಿದ್ದ ಹಾಗೆ.

ಪೆಟ್ರೋಲ್ ಬಂಕಿನ ಓಸ್ವಾಲ್ದೊ ತಲೆ ಕೆರೆದುಕೊಂಡ.
"ಕಟಕಟ ಅನ್ನುತ್ತದೋ, ಗೊರಗೊರವೋ?
ಕಟಕಟ ಆದರೆ ಆಕ್ಸಲ್, ಗೊರಗೊರ ಆದರೆ ಚಕ್ರದ ಬೇರಿಂಗು,
ಲೊಟಕ್ ಅಂದರೆ ಬಾಲ್ ಜಾಯಿಂಟು, ಅದಾದರೆ ದೇವರೇ ಗತಿ."
ಯಾವುದೂ ಅಲ್ಲ ಎಂದೆ.
ಹಾಗಾದರೆ ರೇಡಿಯೋ ಜೋರು ಮಾಡು ಎಂದ.

ಮಾಡಿದೆ. ಒಂದು ಚಳಿಗಾಲ ಪೂರ್ತಿ
ರಿಯೋ ಮಾಯೋದ ಆಚೆಯ ಜಲ್ಲಿರಸ್ತೆಯಲ್ಲಿ
ಕುರಿಗಳಿಗೆ ಉಪ್ಪಿನ ಗಟ್ಟಿ ಹೇರಿಕೊಂಡು
ಎಂಬತ್ತನಾಲ್ಕರ ಪ್ಯೂಜೋ ಪಿಕಪ್ಪು, ನಾನು,
ಉಣ್ಣೆಯ ಧಾರಣೆ ಓದುವ ಯಾರೋ ಗಂಡಸಿನ ದನಿ.
ನೇರ ಹೋಗುವಾಗ ಸದ್ದಿಲ್ಲ. ಇಲ್ಲಿ ಎಲ್ಲ ರಸ್ತೆಯೂ ನೇರವೇ.
ತಿರುವೆಂದರೆ ನಮ್ಮ ಗೇಟಿನದೊಂದೇ,
ಗಾಳಿಗೆ ಬೆನ್ನು ಕೊಟ್ಟ ಮೂರು ಪಾಪ್ಲರ್ ಮರಗಳ ಹತ್ತಿರ,
ಎಡಕ್ಕೆ.

ನಸರೇನೊ ಕಯುಪಿಲ್‌ಗೆ ಕಿವಿ ಕೇಳುವುದಿಲ್ಲ.
ಮೂವತ್ತು ವರ್ಷ ಎಣ್ಣೆಬಾವಿಯ ಪಂಪುಗಳ ಪಕ್ಕ ದುಡಿದು
ಎರಡು ಕಿವಿಯನ್ನೂ ಅಲ್ಲೇ ಬಿಟ್ಟು ಬಂದನಂತೆ.
ಸದ್ದು ಹುಡುಕಿಸಲು ಕಿವುಡನ ಹತ್ತಿರ ಹೋಗುತ್ತೀಯಾ
ಎಂದು ಎಡೆಲ್ಮಿರಾ ನಕ್ಕಳು, ಹಿಟ್ಟು ನಾದುತ್ತಲೇ.

ಅವನು ಎಂಥ ಸದ್ದು ಎಂದು ಕೇಳಲಿಲ್ಲ.
ಜ್ಯಾಕ್ ಕೊಟ್ಟ. ಚಕ್ರವನ್ನು
ಹನ್ನೆರಡರಲ್ಲೂ ಆರರಲ್ಲೂ ಹಿಡಿದು ಅಲ್ಲಾಡಿಸಿದ,
ಸಂತೆಯಲ್ಲಿ ಕುದುರೆಯ ಹಲ್ಲು ನೋಡುವವನ ಹಾಗೆ.
ಗಟ್ಟಿ. ಸನ್ನೆಗೋಲಿನಿಂದ ಬಾಲ್ ಜಾಯಿಂಟು ಮೀಟಿದ.
ಅದೂ ಗಟ್ಟಿ.
ಗಾಡಿ ಇಳಿಸಿದ. ಕೈಗವಸು ಬಿಚ್ಚಿ
ಮಡ್‌ಗಾರ್ಡಿನ ಒಳಗೆ ತೋಳು ತೂರಿಸಿ
ಸ್ಪ್ರಿಂಗಿನ ಸುರುಳಿಯ ಮೇಲೆ ನಾಲ್ಕು ಬೆರಳಿಟ್ಟ.
ಮರಿ ಅಡ್ಡ ನಿಂತಿದೆಯೇ ಎಂದು
ಗಬ್ಬದ ಕುರಿಯ ಹೊಟ್ಟೆ ಮುಟ್ಟುವುದು ಹೀಗೆಯೇ.
ಇನ್ನೊಂದು ಕೈಯಲ್ಲಿ ಸನ್ನೆ: ತಿರುಗಿಸು.

ನಿಂತ ಗಾಡಿಯ ಸ್ಟೀರಿಂಗು ಭಾರ. ಮೊಣಕೈ ಊರಿ
ಎಳೆದೆ, ಅಂಗುಲ ಅಂಗುಲವಾಗಿ.
ನನಗೆ ಕೇಳುವ ಮೊದಲೇ ಅವನ ಮುಖ ಅಲುಗಿತು.
ಆಮೇಲೆ, ಟಣ್.

"ಮೇಲಿನ ಬೇರಿಂಗು!" ಕಿವುಡರ ದೊಡ್ಡ ದನಿಯಲ್ಲಿ
ಹಿತ್ತಲ ಕೋಳಿಗಳೂ ಬೆದರುವಂತೆ ಕೂಗಿದ.
ಬಾನೆಟ್ಟಿನ ದೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದ:
ಸ್ಪ್ರಿಂಗಿನ ನೆತ್ತಿಯ ಬಟ್ಟಲು ಮರಳು ತಿಂದಿದೆ.
ಚಕ್ರ ತಿರುಗುತ್ತದೆ, ಸ್ಪ್ರಿಂಗು ಒಲ್ಲೆ ಅನ್ನುತ್ತದೆ,
ಹಟ ಹಿಡಿದು ನುಲಿದುಕೊಳ್ಳುತ್ತದೆ,
ಇನ್ನಾಗದು ಅನ್ನಿಸಿದಾಗ ಒಂದೇ ಏಟಿಗೆ ಹಾರುತ್ತದೆ.
ಆಕ್ಸಲ್ ಅಂದನೇ ಓಸ್ವಾಲ್ದೊ? ಕತ್ತೆ!
ಈ ಗಾಡಿಯನ್ನು ನೂಕುವುದು ಹಿಂದಿನ ಚಕ್ರ,
ಮುಂದಿನವು ದಾರಿ ತೋರುತ್ತವೆ, ಅಷ್ಟೆ.
ಮುಂದೆ ಆಕ್ಸಲ್ ಎಲ್ಲಿಂದ ಬರಬೇಕು?

ಕೊಮೊದೊರೊ ಬಸ್ಸಿನಲ್ಲಿ ಸಾಮಾನು ಬರಲು ಒಂಬತ್ತು ದಿನ.
ಹಳೆಯದನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟ.
ಗ್ರೀಸು ಎಂದೋ ಒಣಗಿ ಬೆಲ್ಲದ ಪಾಕದ ತಳದಂತಾಗಿತ್ತು.
ದಾರಿಯಲ್ಲಿ ನಿಲ್ಲಿಸಿ ಬೆರಳಲ್ಲಿ ತಿರುಗಿಸಿ ನೋಡಿದೆ,
ತಡೆಯುತ್ತಿತ್ತು, ಬಿಡುತ್ತಿತ್ತು.
ಅವನಿಗೆ ಗೊತ್ತಾದದ್ದು ಇಷ್ಟೇ ಇರಬೇಕು.

ರೇಡಿಯೋ ಆರಿಸಿ ಬಂದೆ.
ಪಾಪ್ಲರುಗಳ ಹತ್ತಿರ ಎಡಕ್ಕೆ ತಿರುಗಿಸಿದೆ.
ಬೆಣ್ಣೆ.
ಗೇಟಿನಲ್ಲಿ ಪುಲ್ಗಾ ಇರಲಿಲ್ಲ. ದಿನವೂ ನನಗಿಂತ ಮೊದಲೇ
ತಂತಿಗೆ ಮೂತಿ ಒತ್ತಿ ಕಾಯುವ ನಾಯಿ
ಕೊಟ್ಟಿಗೆಯ ಬಿಸಿಲಲ್ಲಿ ಮಲಗಿಯೇ ಇತ್ತು.
ನಾನು ಅಂಗಳಕ್ಕೆ ಬಂದ ಮೇಲೆ ದಡಬಡಿಸಿ ಎದ್ದು
ಕಳ್ಳನನ್ನು ಕಂಡಂತೆ ಬೊಗಳಿತು.

ನಾನು ಇಳಿಯಲಿಲ್ಲ.
ಗಾಜು ಇಳಿಸಿ, ಬಾಯಲ್ಲೇ, ಮೆಲ್ಲಗೆ,
ಕಿರ್ರ್... ಟಣ್ ಎಂದೆ.