ಕಾಗೆ ಕಿತ್ತ ಹೆಸರು

ಮರ್ಡೊನ ಕುಂಡಗಳಿಗೆ ನೀರು ಹಾಕುವ ಕೆಲಸ
ನನ್ನ ಪಾಲಿಗೆ ಬಂದದ್ದು ನವೆಂಬರಿನಲ್ಲಿ,
ಅವನ ಬಾಯಿಂದ ಮಾತು ಹೋದ ವಾರ.
ಬಲಗೈ ಹೇಗೋ ತಿರುಗಿ ಬಂತು. ಪದಗಳು ಬರಲಿಲ್ಲ.
ಚಮಚ ಬೇಕಾದರೆ ‘ಮಂಗಳವಾರ’ ಎನ್ನುತ್ತಾನೆ,
ತಪ್ಪೆಂದು ತನಗೇ ತಿಳಿದು ಮೇಜು ಗುದ್ದುತ್ತಾನೆ.

ಕ್ರೀಫ್ ಊರಿನ ಇಳಿಜಾರು, ಗೋಡೆ ಬದಿಗೆ ಗಾಜಿನ ಮಾಡು,
ಮರಳಲ್ಲಿ ಕತ್ತಿನವರೆಗೆ ಹೂತ ನಲವತ್ತೊಂದು ಕುಂಡ.
ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವಳು ನಾನು;
ಡ್ಯಾಫೊಡಿಲ್ ಎಂದರೆ ನನಗೆ
ಪರ್ತ್ ರಸ್ತೆಯ ತಿರುವಿನಲ್ಲಿ ಪುರಸಭೆ ನೆಟ್ಟ ಹಳದಿ, ಅಷ್ಟೆ.
ಇವು ಬೇರೆ. ಗೇಣಿಗಿಂತ ಗಿಡ್ಡ,
ಕೆಲವಂತೂ ಕಿರುಬೆರಳೆತ್ತರ.
ಮಂಡಿಯೂರದವರಿಗೆ ಮುಖ ತೋರಿಸದ ಜಾತಿ.

ಜನವರಿಯ ಹಿಮ ಕರಗಿದ ಬೆಳಿಗ್ಗೆ ನೋಡುತ್ತೇನೆ:
ಹೆಸರಿನ ಬಿಳಿ ಪಟ್ಟಿಗಳನ್ನೆಲ್ಲ ಕಾಗೆಗಳು ಕಿತ್ತು
ಹುಲ್ಲಿನ ಮೇಲೆ ಚೆಲ್ಲಿವೆ, ಕವಡೆ ಆಡಿದ ಹಾಗೆ.
ಆರಿಸಿ ಎಣಿಸಿದೆ. ನಲವತ್ತು.
ಇನ್ನೊಂದನ್ನು ಹುಡುಕಿ ಹುಡುಕಿ ಸೊಂಟ ಹಿಡಿಯಿತು.

ಫೆಬ್ರವರಿಯ ನಡುವೆ ಮೊದಲನೆಯದು ಅರಳಿತು,
ತನ್ನ ಭಾರಕ್ಕೆ ತಾನೇ ಸೋತು, ಗಲ್ಲ ಮಣ್ಣಿಗೆ ಆನಿಸಿ.
ಮೊಟ್ಟೆಯ ಬಟ್ಟಲಲ್ಲಿ ನೀರು ಹಾಕಿ ಅವನ ಹಾಸಿಗೆಗೆ ಒಯ್ದೆ.
ಲೈಬ್ರರಿಯ ಪುಸ್ತಕ, ಮೊಮ್ಮಗಳ ಅಳತೆಪಟ್ಟಿ, ಕನ್ನಡಕ.
ದಂಟಿಗೆ ಎಷ್ಟು ಹೂ?
ಎಲೆ ಚಪ್ಪಟೆಯೊ, ಜೊಂಡಿನಂತೆ ದುಂಡಗೊ?
ತುತ್ತೂರಿ ಉದ್ದವೊ, ಎಸಳು ಉದ್ದವೊ?
‘ತುಸು ಹಸಿರು ಛಾಯೆ’ ಎನ್ನುತ್ತದೆ ಪುಸ್ತಕ.
ತುಸು ಎಂದರೆ ಎಷ್ಟು ಮಾರಾಯ?

ಮರ್ಡೊ ನೋಡಿದ. ಬಾಯಿ ತೆರೆದ. ‘ಮಂಗಳವಾರ.’
ಕಣ್ಣು ಮುಚ್ಚಿಕೊಂಡ.
ಆಮೇಲೆ ದಿಂಬಿಗೆ ಕೆನ್ನೆಯಿಟ್ಟು
ಸುಳ್ಳು ಗೊರಕೆ ಹೊಡೆದ.
ಮಲಗುವ ಹೂ! ಪುಟ ತಿರುವಿದೆ,
‘ದಂಟು ನೆಟ್ಟಗೆ ನಿಲ್ಲದು’, ಅಸ್ಟುರಿಯೆನ್ಸಿಸ್.
ಹೆಸರು ನನ್ನ ನಾಲಗೆಯಲ್ಲಿ ತೊಡರಿ ಹೊರಬಿದ್ದದ್ದೇ
ಎದ್ದು ಕೂತು ಚಪ್ಪಾಳೆ ತಟ್ಟಿದ.

ಮಾರ್ಚಿ ಪೂರಾ ಹೀಗೇ.
ಎರಡೂ ಅಂಗೈಯಿಂದ ಕೂದಲು ಹಿಂದಕ್ಕೆ ಒತ್ತಿ
ಬೆದರಿದ ಬೆಕ್ಕಿನ ಕಿವಿಯಾದರೆ, ಸೈಕ್ಲಮಿನಿಯಸ್.
ಹೊದಿಕೆ ಸೊಂಟಕ್ಕೆ ಸುತ್ತಿ, ಲಂಗದಂತೆ ಉಬ್ಬಿಸಿ
ಒಂದು ಸುತ್ತು ತಿರುಗಿದರೆ, ಬಲ್ಬೊಕೋಡಿಯಂ
(ಅವತ್ತೇ ಬರಬೇಕೆ ನರ್ಸು ಓಯ್ರಿಕ್,
ಔಷಧದ ತಟ್ಟೆ ಹಿಡಿದು, ಬಾಗಿಲಲ್ಲೇ ನಿಂತಳು).
ಜಾನ್ಕ್ವಿಲ್ಲಾಕ್ಕೆ ನಟನೆ ಬೇಕಾಗಲಿಲ್ಲ,
ಕೋಣೆಯೇ ಹೇಳಿತು.
ಬಿಳಿಯದೊಂದನ್ನು, ತಲೆ ತಗ್ಗಿಸಿದ್ದನ್ನು, ಕೊಟ್ಟಾಗ
ಕಣ್ಣಿನಿಂದ ಗಲ್ಲಕ್ಕೆ ಬೆರಳಲ್ಲಿ ಗೆರೆ ಎಳೆದ.
ಕಣ್ಣೀರಿನ ಹೂ, ಟ್ರೈಆಂಡ್ರಸ್, ಸರಿಯೇ.
ಆದರೆ ಬೆರಳು ತೆಗೆದ ಮೇಲೂ ಗೆರೆ ಒದ್ದೆಯಾಗಿತ್ತು.
ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

ಹೂ ಬಾಡಿದವು. ಎಲೆ ಜೋತವು.
ಚೊಕ್ಕ ಮಾಡೋಣವೆಂದು ಕತ್ತರಿ ಹಿಡಿದೆ,
ಕಿಟಕಿ ಗಾಜು ಒಡೆಯುವಂತೆ ಬಡಿದ.
ಎಲೆ ತಾನಾಗಿ ಹಳದಿಯಾಗಬೇಕಂತೆ,
ಬರುವ ವರ್ಷದ ಹೂ ಈಗ ಗಡ್ಡೆಯೊಳಗೆ ಉಣ್ಣುತ್ತಿದೆಯಂತೆ.
ಇಷ್ಟನ್ನು ಹೇಳಲು ಒಂದು ಈರುಳ್ಳಿ, ಒಂದು ಚಮಚ,
ಅರ್ಧ ಗಂಟೆ ಹಿಡಿಯಿತು.

ಜೂನಿನಲ್ಲಿ ಕುಂಡ ಬೋರಲು ಹಾಕಿದೆ,
ಒಣಗಿದ ಗಡ್ಡೆ ಬಿಡಿಸಲು. ತಳದಲ್ಲಿ ಇನ್ನೊಂದು ಬಿಳಿ ಪಟ್ಟಿ!
ಎರಡನೆಯದರಲ್ಲೂ. ಮೂರನೆಯದರಲ್ಲೂ.
ಕಾಗೆಗಳನ್ನು ಬಲ್ಲ ಮುದುಕ ಎಲ್ಲದರಡಿ
ಒಂದೊಂದು ಹೂತಿಟ್ಟಿದ್ದ, ಪೆನ್ಸಿಲ್ಲಿನಲ್ಲಿ ಬರೆದು.
ಮೂವತ್ತಾರು ಸರಿ, ನಾಲ್ಕು ತಪ್ಪು.
ಕೈ ತುಂಬ ಮಣ್ಣಿನೊಂದಿಗೆ ಒಳನುಗ್ಗಿ ಬೈದೆ.
ಅವನು ನಕ್ಕ ನಗೆಗೆ ಹಲ್ಲಿನ ಸೆಟ್ಟು ಸಡಿಲವಾಯಿತು.

ನಲವತ್ತೊಂದನೆಯದು ಬೀಜದಿಂದ ಎಬ್ಬಿಸಿದ್ದು.
ಪುಸ್ತಕದ ಯಾವ ಪುಟಕ್ಕೂ ಒಪ್ಪದ ಮಾಸಲು ಹಳದಿ.
ಅದರ ಪಟ್ಟಿಯಲ್ಲಿ ಬಿತ್ತಿದ ತಾರೀಖು, ಏಳು ವರ್ಷದ ಹಿಂದಿನದು,
ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ.

ಅದನ್ನೇ ಎರಡು ಪಟ್ಟಿಯಲ್ಲಿ ನಕಲು ಮಾಡಿದೆ.
ಒಂದನ್ನು ಆಳಕ್ಕೆ ಹೂತೆ.
ಇನ್ನೊಂದನ್ನು ಮೇಲೆ ಚುಚ್ಚಿದೆ,
ಕಾಗೆಗೂ ಒಂದು ಇರಲಿ.