ಐದನೇ ಹಲ್ಲು

ಮೊದಲು ವಾಸನೆ ಬಂತು.
ಸುಟ್ಟ ಕೂದಲಿನದೂ ಅಲ್ಲ, ಸೀದ ಬೆಲ್ಲದ್ದೂ ಅಲ್ಲ,
ಎರಡರ ನಡುವೆ ಎಲ್ಲೋ.
ಜಿಂಪಿಯ ಏರುಬೀದಿಯಲ್ಲಿ ಎರಡನೇ ಗೇರಿಗೇ ಏದುತ್ತ
ನಲವತ್ತೆಂಟರ ಬೆಡ್‌ಫರ್ಡ್ ವ್ಯಾನು
ಯಾರೋ ಹಿಂದಿನಿಂದ ಸೆರಗು ಜಗ್ಗಿದ ಹಾಗೆ
ನಿಂತು ನಿಂತು ನಡೆಯಿತು.

ಇಳಿದು ಹಿಂದಿನ ಗಾಲಿ ಮುಟ್ಟಿದೆ,
ಮಗುವಿನ ಜ್ವರ ನೋಡುವಂತೆ, ಹಿಂಗೈಯಿಂದ.
ಬಲಗಡೆಯದು ಬೆಚ್ಚಗೆ.
ಎಡಗಡೆಯದು ಕೈ ಇಡಗೊಡಲಿಲ್ಲ.
"ಹ್ಯಾಂಡ್‌ಬ್ರೇಕು ಬಿಟ್ಟಿದ್ದೀಯಾ?"
"ನಾನು ಬಿಟ್ಟಿದ್ದೇನೆ. ಅದು ಬಿಟ್ಟಿಲ್ಲ."

ವಾರವೆಲ್ಲ ಸ್ಕೂಲ್ ಬಸ್ಸು ಓಡಿಸುವವಳು ನಾನು,
ಶನಿವಾರ ಮಾತ್ರ ಎನಿಡ್ ಪ್ರೌಸ್ ಶೆಡ್ಡಿನಲ್ಲಿ
ಅವಳಪ್ಪನ ಬ್ರೆಡ್ ವ್ಯಾನಿನಡಿ ಅಂಗಾತ.
ಎಂಬತ್ತೆರಡರ ಅವಳು ಹಾಲಿನ ಕ್ರೇಟು ಬೋರಲು ಹಾಕಿ ಕೂತು
ಕೇಳಿದ ಸ್ಪ್ಯಾನರ್ ಕೊಡುತ್ತಾಳೆ,
ಕೇಳದ್ದನ್ನೂ.

ಮುಂದಿನ ಗಾಲಿಗೆ ಇಟ್ಟಿಗೆ ಒಡ್ಡಿ, ಹಿಂದನ್ನು ಜಾಕಿನಲ್ಲಿ ಎತ್ತಿ,
ಡ್ರಮ್ಮು ಕಳಚಲು ಒಂದು ಬೆಳಗು ಪೂರ್ತಿ ಹೋಯಿತು.
ಮರದ ಸುತ್ತಿಗೆ, ಸೀಮೆಎಣ್ಣೆ, ಒಂದಿಷ್ಟು ಬೈಗುಳ
(ಧಾರವಾಡದ್ದು; ತುಕ್ಕಿಗೆ ಅದೇ ನಾಟುವುದು).
ಒಳಗೆ ಮೇರಿ ನದಿಯ ಯಾವುದೋ ನೆರೆಯ ಕೆಸರು
ಬಿಸ್ಕತ್ತಿನ ಹಾಗೆ ಪದರ ಪದರ ಉದುರಿತು.
ಮೂಗಿಗೆ ಮಾಸ್ಕು ಕಟ್ಟಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ.
ಸ್ಪ್ರಿಂಗು ಸರಿ. ಲೈನಿಂಗ್ ಸರಿ. ಕೇಬಲ್ಲು ಗ್ರೀಸು ಕುಡಿದು
ಕೊಳವೆಯೊಳಗೆ ಕೇರೆಹಾವಿನ ಹಾಗೆ ಸರಿದಾಡಿತು.
ಆದರೂ ಡ್ರಮ್ಮು ಮತ್ತೆ ಕೂಡಿಸಿದರೆ
ಶೂಗಳು ಉಡದ ಹಾಗೆ ಕಚ್ಚಿಕೊಂಡವು.

ಉಡ ಎಂದರೆ ಬರೀ ಮಾತಿನ ಉಡವಲ್ಲ.
ಶೆಡ್ಡಿನ ಹಿಂದಿನ ನೀಲಗಿರಿ ಮರದಲ್ಲಿ ಒಂದಿದೆ,
ಮಾರುದ್ದ, ಎನಿಡ್‌ಳ ಕೋಳಿಮೊಟ್ಟೆ ಕದಿಯುವಂಥದ್ದು.
ನಮ್ಮ ಕಡೆ ಅದರ ಸೊಂಟಕ್ಕೆ ಹಗ್ಗ ಕಟ್ಟಿ
ಕೋಟೆ ಹತ್ತುತ್ತಿದ್ದರಂತೆ, ಎಂದೆ.
"ಆಮೇಲೆ ಅದನ್ನು ಬಿಡಿಸುತ್ತಿದ್ದದ್ದು ಹೇಗೆ?"
ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಕಂಡಿತು.
ಶೂಗಳ ಬುಡದಲ್ಲಿ ತಿರುಗಿಸಬೇಕಾದ ತಿರುಪಿನ
ಕಾರ್ಖಾನೆಯ ಬಣ್ಣವೂ ಸವೆದಿರಲಿಲ್ಲ.
ಅದರ ಬದಲು ಕೇಬಲ್ಲಿನ ತುದಿಯ ನಟ್ಟನ್ನೇ ಯಾರೋ
ಎಳೆ ಮುಗಿಯುವ ತನಕ ಬಿಗಿದಿದ್ದರು,
ಮೇಲೆ ಇನ್ನೊಂದು ನಟ್ಟು,
ಅದರ ಮೇಲೆ ತಂತಿಯ ಸುತ್ತು.
ಹಿಡಿಕೆ ಕೆಳಗಿದ್ದರೂ ಒಳಗೆ ಎಳೆತ ಹಾಗೇ ಇತ್ತು.

ಎನಿಡ್ ಮೊಣಕಾಲೂರಿ ಬಗ್ಗಿದಳು.
"ಅಪ್ಪನ ಗಂಟು. ಬೇಲಿಗೂ ಹೀಗೇ ಹಾಕುತ್ತಿದ್ದ."
ಐವತ್ತೇಳರ ಒಂದು ನಸುಕು, ವ್ಯಾನು
ಖಾಲಿ ಸೀಟು ಹೊತ್ತು ಇಳಿಜಾರಿಗೆ ಹೊರಟಿತ್ತು.
ಹಿಂದೆ ಬ್ರೆಡ್ಡಿನ ತಟ್ಟೆಗಳ ನಡುವೆ ಅವಳ ತಮ್ಮ,
ಆರು ವರ್ಷದವ, ನಿದ್ದೆಯಲ್ಲಿ.
ಅಂಚೆಕಚೇರಿಯ ಬೇಲಿ ತಡೆಯಿತು. ಹುಡುಗ ಎಚ್ಚರಗೊಂಡಿರಲೂ ಇಲ್ಲ.
"ಅವತ್ತು ಸಂಜೆ ಅಪ್ಪ ಇದರಡಿ ಮಲಗಿ
ಕತ್ತಲಾಗುವ ತನಕ ಬಿಗಿಯುತ್ತಲೇ ಇದ್ದ."
ಆಮೇಲೆ ವರ್ಷಕ್ಕೆ ಎರಡು ಜೊತೆ ಲೈನಿಂಗ್ ಸುಡುತ್ತಿತ್ತು.
ತುಟಿ ಬಿಚ್ಚದೆ ಕೊಂಡು ತರುತ್ತಿದ್ದನಂತೆ.

ನಾನು ಇಕ್ಕಳ ಹಿಡಿದು ಕಾದೆ.
ಅವಳು ಕನ್ನಡಕ ಒರೆಸಿ, ಕೋಳಿಗಳ ಕಡೆ ನೋಡಿ,
"ಕತ್ತರಿಸಬೇಡ, ಬಿಚ್ಚು," ಎಂದಳು.

ಬಿಚ್ಚಿದೆ, ಒಂದೊಂದೇ ಸುತ್ತು.
ಶೂಗಳ ತಿರುಪನ್ನು ಗಾಲಿ ನಿಲ್ಲುವವರೆಗೆ ಬಿಗಿದು, ತುಸು ಹಿಂದಕ್ಕೆ ಬಿಟ್ಟು,
ಕೇಬಲ್ಲಿಗೆ ಸಲ್ಲಬೇಕಾದ ಸಡಿಲ ಕೊಟ್ಟೆ.
ಕೈಯಿಂದ ನೂಕಿದರೆ ಗಾಲಿ
ಮೂರು ಸುತ್ತು ತಾನೇ ಹೋಗಿ, ನಾಲ್ಕನೆಯದಕ್ಕೆ ಯೋಚಿಸಿತು.
ತಂತಿ ಈಗ ಕೋಳಿಗೂಡಿನ ಅಗುಳಿಗೆ. ಉಡ ಇನ್ನೂ ಬಂದಿಲ್ಲ.

ಭಾನುವಾರ ಅದೇ ಏರು.
ನಡುವೆ ನಿಲ್ಲಿಸಿ ಹಿಡಿಕೆ ಎಳೆದೆ,
ಕಟ್, ಕಟ್, ಎನಿಡ್ ಎಣಿಸುತ್ತಿದ್ದಳು,
ಐದನೇ ಹಲ್ಲಿಗೆ ಕೂತಿತು.
"ಮೊದಲೆಲ್ಲ ಒಂದಕ್ಕೇ ಹಿಡಿಯುತ್ತಿತ್ತು."
ಪೆಡಲಿನಿಂದ ಕಾಲು ತೆಗೆದೆ.
ವ್ಯಾನು ಕೂದಲೆಳೆಯಷ್ಟು ಹಿಂದೆ ಸರಿದು ನಿಂತಿತು.
ಆ ಕೂದಲೆಳೆಯಲ್ಲಿ ಅವಳ ಕೈ
ನನ್ನ ತೋಳು ಹಿಡಿದಿತ್ತು.

ಇಳಿದು ಗಾಲಿ ಮುಟ್ಟಬೇಕಿತ್ತು, ತಣ್ಣಗಿದೆಯೇ ಎಂದು.
ಕೂತೇ ಇದ್ದೆ,
ಅವಳು ಬಿಡಲಿ ಎಂದು.