ಶ್ರುತಿ ಮಾಡುವವನ ಲೆಕ್ಕ

ಫಳ್ನೀರಿನ ಆ ಮಹಡಿಗೆ ವರ್ಷಕ್ಕೆರಡು ಸಲ
ನನ್ನ ಚೀಲ ಹತ್ತುತ್ತದೆ: ತಿರುಪುಳಿ, ಫೆಲ್ಟಿನ ತುಂಡು,
ಕಡಲ ಗಾಳಿಗೆ ತುಕ್ಕು ಹಿಡಿದ ತಂತಿಗೆ ಬದಲಿ.

ಒಡಿಲಿಯಾ ನುಡಿಸುತ್ತಾಳೆ.
ತಪ್ಪು ಹುಡುಕಿ ಸೋತವನು ನಾನು.
ಕೆಳಗೆ ಹದಿನೈದು ನಂಬ್ರದ ಬಸ್ಸು ಕಿರುಚಿದರೂ
ಹತ್ತು ಬೆರಳು ಕೂದಲೆಳೆಯಷ್ಟೂ ತಪ್ಪದೆ ಓಡುತ್ತವೆ.

ಪಿಯಾನೊಗೆ ಮೊದಲು ನಾನು ಬೋಳಾರದಲ್ಲಿ,
ಹಂಚಿನ ಕಾರ್ಖಾನೆಯಲ್ಲಿದ್ದೆ. ಗೆಣ್ಣಿನಿಂದ ತಟ್ಟಿ ಹೇಳಬೇಕು:
ಇದು ಬೆಂದದ್ದು, ಇದು ಬಿರಿದದ್ದು.
ಇವಳದು ಒಂದೊಂದೂ ಠಣ್ಣೆನ್ನುವ ಹಂಚು;
ಮಾಡು ಮಾತ್ರ ಇನ್ನೂ ಕಟ್ಟಿಲ್ಲ,
ಅದರಡಿ ಯಾರೂ ಕೂತಿಲ್ಲ.

"ನನಗೆ ಭಾವವೇ ಇಲ್ಲವಂತೆ, ಮಾಸ್ಟರು ಹೇಳಿದರು.
ಅದು ಎಲ್ಲಿ ಸಿಗುತ್ತದೆ, ಸಾಲ್ಯಾನ್ರೇ?"
ಹಾಲು ಎಲ್ಲಿ ಸಿಗುತ್ತದೆ ಎಂದು ಕೇಳುವ ಹಾಗೆ ಕೇಳಿದಳು.
ನನ್ನ ಚೀಲದಲ್ಲಿ ಇರಲಿಲ್ಲ.

ಈ ಆಟಿಯಲ್ಲಿ ತೇವಕ್ಕೆ ನಡುವಿನ ಒಂದು ಕೀ ಉಬ್ಬಿತು.
ಒತ್ತಿದರೆ ಏಳದು; ಬಿಟ್ಟರೂ ಸ್ವರ
ಬಿಡದೆ ಉಳಿಯುತ್ತಿತ್ತು.
ನಾನು ಹೋಗಿ ಮುಟ್ಟಲು ಹನ್ನೊಂದು ದಿನ.
ಬೇರೆ ದಾರಿಯಿಲ್ಲದೆ ಅವಳು
ಅಲ್ಲಿ ಬಂದಾಗಲೆಲ್ಲ ಕಾದಳಂತೆ,
ಮುಂದಕ್ಕೆ ಕಾಲಿಡುವ ಮುನ್ನ
ಹಿಂದಿನದು ಆರುವುದನ್ನು ಕೇಳಿಕೊಂಡು.

ತೆಗೆದೆ, ಕೆರೆದೆ, ಕೂರಿಸಿದೆ. ಈಗ ಹಗುರ, ಚುರುಕು.
ನುಡಿಸಿ ನೋಡಿ ಅಂದೆ.
ಓಡೋಡಿ ಬಂದ ಬೆರಳು
ಆ ಕೀಯ ಹತ್ತಿರ ತಾನಾಗಿ ನಿಂತಿತು,
ಯಾರೋ ಒಳಗಿಂದ ಚಿಲಕ ತೆಗೆಯಲಿ
ಎಂಬಷ್ಟೇ ಹೊತ್ತು.

ನಾನು ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.
ಚೀಟಿಯಲ್ಲಿ ತಂತಿ ಬರೆದೆ, ಫೆಲ್ಟು ಬರೆದೆ,
ಆಟೋ ಬಾಡಿಗೆ ಬರೆದೆ.
ಆ ಒಂದು ಕೀಯನ್ನು ಬರೆಯಲಿಲ್ಲ.